ಗಾಡಿ ನಿಲ್ಲಿಸಲು ಕಲಿತ ಕಥೆ

ನಮ್ಮ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ತೇರನ್ನು ನೀವೆಲ್ಲ ನೋಡಿದ್ದೀರಿ. ಹಗ್ಗ ಹಿಡಿದು ಎಳೆಯುವವರು ನೂರಾರು ಜನ. ಚಕ್ರದ ಪಕ್ಕದಲ್ಲೇ ನಡೆಯುತ್ತ, ಮರದ ತುಂಡು ಕೊಟ್ಟು ತೇರನ್ನು ನಿಲ್ಲಿಸುವವರು ಕೆಲವೇ ಮಂದಿ. ಮೋಟಾರು ವಾಹನದ ಚರಿತ್ರೆಯಲ್ಲೂ ಓಡಿಸಿದವರ ಹೆಸರು ಎಲ್ಲರಿಗೂ ಗೊತ್ತು. ನಿಲ್ಲಿಸಲು ಕಲಿಸಿದವರ ಕಥೆ ಅಷ್ಟಾಗಿ ಗೊತ್ತಿಲ್ಲ.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಹೊಡೆತಗಳ ಎಂಜಿನ್ ಮಾಡಿದರು. ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಗಾಳಿ ಮತ್ತು ಇಂಧನ ಒಳಗೆ ಬರುತ್ತವೆ. ಮೇಲೇರಿದಾಗ ಅವು ಒತ್ತಿಕೊಳ್ಳುತ್ತವೆ. ಕಿಡಿ ತಗುಲಿ ಉರಿದಾಗ ಬಿಸಿ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಅದು ಮತ್ತೆ ಮೇಲೇರಿದಾಗ ಹೊಗೆ ಹೊರಗೆ ಹೋಗುತ್ತದೆ. ಗಾಡಿಗೆ ಶಕ್ತಿ ಕೊಡುವುದು ಮೂರನೆಯ ಹೊಡೆತ ಒಂದೇ. ಇಂದಿನ ಪೆಟ್ರೋಲ್ ಕಾರು, ಬೈಕುಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ.

1886ರ ಜನವರಿ 29ರಂದು ಕಾರ್ಲ್ ಬೆಂಜ್ ಇಂಥ ಎಂಜಿನ್ ಇಟ್ಟ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಜನ ಅದನ್ನು ನಂಬಲಿಲ್ಲ. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ನಿಮ್ಮ ವಯಸ್ಸಿನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು 100 ಕಿಲೋಮೀಟರ್ ದಾರಿ. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡರು. ಏರುದಾರಿಯಲ್ಲಿ ಗಾಡಿ ತಳ್ಳಿದರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋಯಿತು. ಆಕೆ ಒಬ್ಬ ಚಮ್ಮಾರನ ಬಳಿ ಹೋಗಿ ಅದಕ್ಕೆ ತೊಗಲು ಹೊಡೆಸಿದರು. ಬ್ರೇಕಿಗೆ ಸವೆಯುವ ಪಟ್ಟಿ ಹಾಕುವ ಪದ್ಧತಿಗೆ ಹಾದಿಯಾದದ್ದು ಆ ಚಮ್ಮಾರನ ಕೈಕೆಲಸ.

ಮುಂದೆ 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ತಂದರು, ಕಾರು ಅಗ್ಗವಾಯಿತು. ನಮ್ಮ ಜಿಲ್ಲೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸಲು ತೊಡಗಿತು. ನಾನು ಇದೇ ಶಾಲೆಯಲ್ಲಿ ಓದುವಾಗ ಹೆದ್ದಾರಿಯಲ್ಲಿ ಹೊಸ ಕ್ವಾಲಿಸ್‌ಗಳನ್ನು ಎಣಿಸುವುದೇ ನಮಗೊಂದು ಆಟ.

ಅದೇ ಹೆದ್ದಾರಿ ದಾಟುವಾಗ ನನ್ನ ಸಹಪಾಠಿಯೊಬ್ಬನಿಗೆ ಕಾರು ಬಡಿದು ಕಾಲು ಮುರಿಯಿತು. ಮೂರು ತಿಂಗಳು ಅವನ ಜಾಗ ಖಾಲಿಯಿತ್ತು. "ಕೈ ತೋರಿಸಿದ್ದೆ ಕಣೋ, ಆದ್ರೂ ನಿಲ್ಲಲಿಲ್ಲ" ಎಂದು ಅವನು ಹೇಳುತ್ತಿದ್ದ. ಏಕೆ ನಿಲ್ಲಲಿಲ್ಲ ಎಂಬುದು ನನಗೆ ಭೌತಶಾಸ್ತ್ರ ಓದಿದ ಮೇಲೆ ತಿಳಿಯಿತು.

ವೇಗ ಎರಡರಷ್ಟಾದರೆ ಚಲನ ಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, 80ರ ವೇಗದಲ್ಲಿ ಅದಕ್ಕೆ 36 ಮೀಟರ್ ಬೇಕು. ಚಾಲಕ ನಿಮ್ಮನ್ನು ಕಂಡು ಬ್ರೇಕ್ ತುಳಿಯುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಕಳೆದಿರುತ್ತದೆ. ಒಟ್ಟು 58 ಮೀಟರ್, ಅಂದರೆ ಎರಡು ಖೋ ಖೋ ಅಂಕಣಗಳಿಗಿಂತ ಉದ್ದ! ಮಳೆಯಲ್ಲಿ ಇನ್ನೂ ಹೆಚ್ಚು.

ಚಾಲಕನ ಕಾಲಿನ ಬಲವನ್ನು ಚಕ್ರಗಳಿಗೆ ಮುಟ್ಟಿಸುವುದು ಕೊಳವೆಯೊಳಗಿನ ಎಣ್ಣೆ. ಪಾಠದಲ್ಲಿ ಬರುವ ಪಾಸ್ಕಲ್ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಈಗಿನ ಕಾರುಗಳಲ್ಲಿ ಎಬಿಎಸ್ ಎಂಬ ವ್ಯವಸ್ಥೆಯೂ ಇದೆ. ಚಕ್ರ ಉರುಳುವುದು ನಿಂತು ಜಾರತೊಡಗಿದರೆ ಒಂದು ಸಣ್ಣ ಕಂಪ್ಯೂಟರ್ ಅದನ್ನು ಗುರುತಿಸಿ, ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಬಿಗಿಯುತ್ತದೆ. ಪ್ರೋಗ್ರಾಂ ಬರೆದು ಬದುಕುವ ನಾನು ಅದನ್ನು ಮೆಚ್ಚುತ್ತೇನೆ. ಆದರೆ ಆ ಒಂದು ಸೆಕೆಂಡಿನ 22 ಮೀಟರನ್ನು ಅದೂ ಉಳಿಸಲಾರದು.

ಆದ್ದರಿಂದ ತಮ್ಮ ತಂಗಿಯರೇ, ಕೈ ತೋರಿಸಿದರೆ ಗಾಡಿ ನಿಲ್ಲುತ್ತದೆಂದು ನಂಬಬೇಡಿ. ನಿಂತಿದೆಯೆಂದು ಕಣ್ಣಾರೆ ನೋಡಿ ದಾಟಿ. ನಾಳೆ ನೀವೇ ಗಾಡಿ ಓಡಿಸುವಾಗ, ಶಾಲೆಯ ಬಳಿ ವೇಗ ಇಳಿಸಿ. ಐವತ್ತು ವರ್ಷ ಮಕ್ಕಳ ದಾರಿ ಕಾದ ನಮ್ಮ ಶಾಲೆಯಲ್ಲಿ, ಇನ್ನು ಯಾವ ಮಗುವಿನ ಜಾಗವೂ ಹಾಗೆ ಖಾಲಿಯಾಗದಿರಲಿ.