ಜಿಟ್ಸಿ ಮೀಟ್
ಬ್ರೌಸರಿನಲ್ಲೇ ವಿಡಿಯೋ ಸಭೆ ನಡೆಸಲು ನೆರವಾಗುವ ಮುಕ್ತ ಆಕರ ತಂತ್ರಾಂಶ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಮಿಲ್ ಇವೋವ್ 2003ರಲ್ಲಿ ವಿದ್ಯಾರ್ಥಿಯಾಗಿ ಕೈಗೆತ್ತಿಕೊಂಡ ಯೋಜನೆ ಇದರ ಮೂಲ. 2015ರಲ್ಲಿ ಅಟ್ಲಾಸಿಯನ್, 2018ರಲ್ಲಿ ಏಯ್ಟ್ ಬೈ ಏಯ್ಟ್ ಕಂಪನಿಯ ಪಾಲಾಯಿತು.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಕಚೇರಿಗಳಿಗೆ ಬೀಗ ಹಾಕಿಸಿದಾಗ ಇದರ ಬಳಕೆ ಏಕಾಏಕಿ ಏರಿತು. ಖಾತೆ ತೆರೆಯಬೇಕಿರಲಿಲ್ಲ, ಲಿಂಕ್ ಕಳಿಸಿದರೆ ಸಾಕಿತ್ತು. ಆದರೆ ಉದ್ಯಮಗಳನ್ನು ಸೆಳೆದ ನಿಜವಾದ ಗುಣ ಬೇರೆಯದು. ಅಪಾಚೆ 2.0 ಪರವಾನಗಿಯಡಿ ಸಿಗುವ ಇದನ್ನು ಯಾವ ಸಂಸ್ಥೆಯಾದರೂ ತನ್ನದೇ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬಹುದು. ಜೂಮ್‌ನ ಸುರಕ್ಷತೆಯ ಬಗ್ಗೆ ಟೀಕೆ ಕೇಳಿಬರುತ್ತಿದ್ದ ಆ ದಿನಗಳಲ್ಲಿ, ಒಳಗಿನ ಮಾತುಕತೆಯನ್ನು ಹೊರಗಿನವರ ಯಂತ್ರಕ್ಕೆ ಒಪ್ಪಿಸದಿರುವುದು ಸಣ್ಣ ಅನುಕೂಲವಾಗಿರಲಿಲ್ಲ.

ಇದರ ತಿರುಳು ವಿಡಿಯೋಬ್ರಿಡ್ಜ್ ಎಂಬ ಭಾಗ. ಅದು ಎಲ್ಲರ ಚಿತ್ರಗಳನ್ನು ಬೆರೆಸಿ ಒಂದಾಗಿಸುವುದಿಲ್ಲ, ಬಂದದ್ದನ್ನು ಉಳಿದವರಿಗೆ ದಾಟಿಸುತ್ತದೆ, ಅಷ್ಟೆ. ಹೀಗಾಗಿ ಪ್ರೊಸೆಸರಿನ ಮೇಲೆ ಹೊರೆ ಕಡಿಮೆ, ಬ್ಯಾಂಡ್‌ವಿಡ್ತ್ ಮಾತ್ರ ಧಾರಾಳವಾಗಿ ಬೇಕು. ಪರವಾನಗಿ ಶುಲ್ಕವಿಲ್ಲವೆಂದು ನಂಬಿ ಹೊರಟವರಿಗೆ ಸರ್ವರ್ ಬಾಡಿಗೆ, ಅದನ್ನು ನೋಡಿಕೊಳ್ಳುವ ಸಿಬ್ಬಂದಿಯ ಸಂಬಳ ತಪ್ಪಿದ್ದಲ್ಲ.

ದುರ್ಬಳಕೆ ಹೆಚ್ಚಿದ ಕಾರಣ 2023ರ ಆಗಸ್ಟ್‌ನಿಂದ ಇದರ ಸಾರ್ವಜನಿಕ ತಾಣದಲ್ಲಿ ಸಭೆ ಆರಂಭಿಸಲು ಲಾಗಿನ್ ಕಡ್ಡಾಯವಾಗಿದೆ. ಸ್ವಂತ ಸರ್ವರಿಗೆ ಈ ನಿಯಮ ಅನ್ವಯಿಸದು.