ಅಂತರ್ಮುಖಿಗೆ ಒಪ್ಪುವ ಕೆಲಸ: ನಾಲ್ಕು ಅಕ್ಷರಗಳ ಚರಿತ್ರೆ

1942. ಎರಡನೇ ಮಹಾಯುದ್ಧ ನಡೆದಿತ್ತು. ಅಮೆರಿಕದ ಗಂಡಸರು ಸೈನ್ಯ ಸೇರುತ್ತಿದ್ದರು. ಅದುವರೆಗೆ ಮನೆ ನೋಡಿಕೊಂಡಿದ್ದ ಹೆಂಗಸರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕಾರ್ಖಾನೆ, ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು. ಯಾರನ್ನು ಯಾವ ಕೆಲಸಕ್ಕೆ ಹಚ್ಚಬೇಕು? ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಊರಿನ ಗೃಹಿಣಿ ಐಸಬೆಲ್ ಬ್ರಿಗ್ಸ್ ಮೈಯರ್ಸ್ ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡರು. ನೌಕರರ ಸ್ವಭಾವ ಅಳೆಯುವ ಪರೀಕ್ಷೆಯೊಂದರ ಬಗ್ಗೆ ರೀಡರ್ಸ್ ಡೈಜೆಸ್ಟ್‌ನಲ್ಲಿ ಓದಿದ್ದರು. ಆ ಪರೀಕ್ಷೆ ಅವರಿಗೆ ಸಮಾಧಾನ ಕೊಡಲಿಲ್ಲ. ತಾವೇ ಒಂದನ್ನು ರೂಪಿಸಲು ಕುಳಿತರು.

ಉದ್ಯೋಗ ಮಾರ್ಗದರ್ಶನ ಆ ದೇಶಕ್ಕೆ ಹೊಸದೇನಾಗಿರಲಿಲ್ಲ. ಫ್ರಾಂಕ್ ಪಾರ್ಸನ್ಸ್ 1908ರಲ್ಲೇ ಬಾಸ್ಟನ್ನಿನಲ್ಲಿ ಅದಕ್ಕೊಂದು ಕೇಂದ್ರ ತೆರೆದಿದ್ದರು. ಆದರೆ ಐಸಬೆಲ್ ಹಿಡಿದ ದಾರಿ ಬೇರೆ, ಅದು ತಾಯಿಯಿಂದ ಬಂದದ್ದು. ತಾಯಿ ಕ್ಯಾಥರಿನ್ ಬ್ರಿಗ್ಸ್ ಮನುಷ್ಯ ಸ್ವಭಾವಗಳನ್ನು ವಿಂಗಡಿಸುವ ಕೆಲಸವನ್ನು ಬಹಳ ಹಿಂದೆಯೇ ಶುರುಮಾಡಿದ್ದರು. ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ‘ಸೈಕಲಾಜಿಕಲ್ ಟೈಪ್ಸ್’ 1923ರಲ್ಲಿ ಇಂಗ್ಲಿಷಿಗೆ ಬಂದಾಗ, ತಾವು ಹುಡುಕುತ್ತಿದ್ದುದು ಅದರಲ್ಲೇ ಇದೆಯೆಂದು ತಮ್ಮ ಟಿಪ್ಪಣಿಗಳನ್ನು ಅವರು ಬೆಂಕಿಗೆ ಹಾಕಿದರೆಂದು ಹೇಳುತ್ತಾರೆ. ಇದೇ ಯೂಂಗ್ 1937–38ರ ಭಾರತ ಪ್ರವಾಸದಲ್ಲಿ ಮೈಸೂರಿಗೂ ಬಂದಿದ್ದರು; ನಾಲ್ವಡಿ ಕೃಷ್ಣರಾಜ ಒಡೆಯರ ಗುರುಗಳಾದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ತತ್ತ್ವಶಾಸ್ತ್ರದ ಚರ್ಚೆ ನಡೆಸಿದ್ದರು.

ಐಸಬೆಲ್ ಅವರ ಪ್ರಶ್ನೆಪತ್ರಿಕೆಯಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ಪ್ರತಿ ಪ್ರಶ್ನೆಗೂ ಎರಡು ಆಯ್ಕೆ, ಒಂದಕ್ಕೆ ಗುರುತು ಹಾಕಬೇಕು. ಹುರುಪು ಜನರ ನಡುವೆ ಬರುತ್ತದೆಯೋ, ಏಕಾಂತದಲ್ಲೋ? ಮನಸ್ಸು ನಂಬುವುದು ಕಣ್ಣಿಗೆ ಕಂಡದ್ದನ್ನೋ, ಒಳಗೆ ಹೊಳೆದದ್ದನ್ನೋ? ತೀರ್ಮಾನಕ್ಕೆ ಆಧಾರ ತರ್ಕವೋ, ತನ್ನ ಮೌಲ್ಯಗಳೋ? ಬದುಕನ್ನು ಮೊದಲೇ ಯೋಜಿಸಿಡುವುದೋ, ಬಂದಂತೆ ಸ್ವೀಕರಿಸುವುದೋ? ಒಂದೊಂದು ಜೋಡಿಯಿಂದ ಒಂದೊಂದು ಅಕ್ಷರ; ಒಟ್ಟು ಹದಿನಾರು ಬಗೆಯ ವ್ಯಕ್ತಿತ್ವ. ಇದಕ್ಕೆ ಮೊದಲು ಉತ್ತರ ಬರೆದವರು ನೆಂಟರು, ಪರಿಚಯದವರು, ಮಕ್ಕಳ ಸಹಪಾಠಿಗಳು.

ಈ ಹದಿನಾರರಲ್ಲಿ ಐಎನ್‌ಎಫ್‌ಪಿ ಎಂಬುದು ಅಂತರ್ಮುಖಿ ಆದರ್ಶವಾದಿಯ ಬಗೆ. ಇವರಿಗೆ ಮಾತು ಕಡಿಮೆ, ನಂಬಿಕೆ ಗಟ್ಟಿ. ಸಂಬಳ, ಹುದ್ದೆಗಿಂತ ಮಾಡುವ ಕೆಲಸಕ್ಕೊಂದು ಅರ್ಥವಿರಬೇಕು. ದಿನವಿಡೀ ಪೈಪೋಟಿಯ ಗದ್ದಲದಲ್ಲಿ ಬಳಲುತ್ತಾರೆ. ಮೆಚ್ಚಿದ ಕೆಲಸ ಸಿಕ್ಕರೆ ಹೊತ್ತುಗೊತ್ತು ಮರೆಯುತ್ತಾರೆ. ಬರವಣಿಗೆ, ಬೋಧನೆ, ಆಪ್ತಸಲಹೆ, ಮನೋವಿಜ್ಞಾನ, ಕಲೆ ಇವರಿಗೆ ಒಗ್ಗುತ್ತವೆ ಎಂಬುದು ವಾಡಿಕೆಯ ಪಟ್ಟಿ. ಐಸಬೆಲ್ ತಮ್ಮನ್ನು ಗುರುತಿಸಿಕೊಂಡದ್ದೂ ಈ ಗುಂಪಿನಲ್ಲೇ.

ಅವರು 1897ರಲ್ಲಿ ಹುಟ್ಟಿದವರು, ಓದಿದ್ದು ರಾಜ್ಯಶಾಸ್ತ್ರ. ಬರೆದ ಪತ್ತೇದಾರಿ ಕಾದಂಬರಿ ‘ಮರ್ಡರ್ ಯೆಟ್ ಟು ಕಮ್’ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿತ್ತು. ಪಟ್ಟಿಯ ಪ್ರಕಾರ ಅವರು ಕಾದಂಬರಿಕಾರ್ತಿಯಾಗಿಯೇ ಉಳಿಯಬೇಕಿತ್ತು. ಅವರು ಮಾಡಿದ್ದೇ ಬೇರೆ. ಮನೋವಿಜ್ಞಾನದ ಪದವಿಯಿಲ್ಲದ ಅವರು ಫಿಲಡೆಲ್ಫಿಯಾದ ಬ್ಯಾಂಕೊಂದರ ಸಿಬ್ಬಂದಿ ಅಧಿಕಾರಿ ಎಡ್ವರ್ಡ್ ಹೇ ಅವರ ಬಳಿ ಪರೀಕ್ಷೆ ರಚಿಸುವುದನ್ನೂ ಸಂಖ್ಯಾಶಾಸ್ತ್ರವನ್ನೂ ಕಲಿತರು. 1950ರ ದಶಕದಲ್ಲಿ 45 ವೈದ್ಯಕೀಯ ಕಾಲೇಜುಗಳ 5,355 ವಿದ್ಯಾರ್ಥಿಗಳಿಂದ ಉತ್ತರ ಬರೆಸಿದರು. ವರ್ಷಗಳ ನಂತರ ಅದೇ ಹೆಸರುಗಳನ್ನು ಹಿಡಿದು, ಯಾರು ಯಾವ ವಿಭಾಗದ ವೈದ್ಯರಾದರೆಂದು ಹುಡುಕಿದರು. ಪರೀಕ್ಷೆ ಬರೆದ ನರ್ಸಿಂಗ್ ವಿದ್ಯಾರ್ಥಿನಿಯರ ಲೆಕ್ಕ ಹತ್ತು ಸಾವಿರದ ಆಸುಪಾಸು. ಸ್ವಭಾವಕ್ಕೂ ಆರಿಸಿಕೊಂಡ ವಿಭಾಗಕ್ಕೂ ನಂಟಿರುವುದು ಅವರಿಗೆ ಕಂಡಿತು.

1962ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವೀಸ್ ಈ ಪರೀಕ್ಷೆಯನ್ನು ಸಂಶೋಧನೆಗೆಂದು ಪ್ರಕಟಿಸಿತು. ಅಲ್ಲಿನ ತಜ್ಞರಿಗೆ ಅದರ ಮೇಲೆ ಭರವಸೆಯಿರಲಿಲ್ಲ. 1975ರಲ್ಲಿ ಕನ್ಸಲ್ಟಿಂಗ್ ಸೈಕಾಲಜಿಸ್ಟ್ಸ್ ಪ್ರೆಸ್ ಕೈಗೆತ್ತಿಕೊಂಡ ಮೇಲೆ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಎಂಬ ಅದರ ಹೆಸರು ಕಂಪನಿಗಳಿಗೂ ಕಾಲೇಜುಗಳಿಗೂ ಹಬ್ಬಿತು.

ವಿಜ್ಞಾನಿಗಳ ತಕರಾರು ಇಂದಿಗೂ ನಿಂತಿಲ್ಲ, ಅದರಲ್ಲಿ ಹುರುಳಿದೆ. ಹೆಚ್ಚಿನ ಜನ ಪೂರ್ತಿ ಅಂತರ್ಮುಖಿಗಳೂ ಅಲ್ಲ, ಬಹಿರ್ಮುಖಿಗಳೂ ಅಲ್ಲ. ನಡುವೆ ಎಲ್ಲೋ ಇರುತ್ತಾರೆ. ಗೆರೆಯ ಆಚೀಚೆ ಕೂದಲೆಳೆಯಷ್ಟು ಸರಿದರೂ ಅಕ್ಷರ ಬದಲಾಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರೆದವರಲ್ಲಿ ಅನೇಕರಿಗೆ ಬೇರೆಯೇ ಗುಂಪು ಬಂದದ್ದುಂಟು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿ 1991ರಲ್ಲಿ, ಉದ್ಯೋಗ ಸಲಹೆಗೆ ಇದನ್ನು ಬಳಸಲು ಸಾಕಷ್ಟು ಆಧಾರವಿಲ್ಲವೆಂದಿತು. ನೇಮಕಾತಿಯಲ್ಲಿ ಅಭ್ಯರ್ಥಿಗಳನ್ನು ಸೋಸಲು ಬಳಸಬಾರದೆಂದು ಪ್ರಕಾಶಕರೇ ಹೇಳುತ್ತಾರೆ. ನಾಲ್ಕು ಅಕ್ಷರ ನೋಡಿ ಮಿತಭಾಷಿಯೊಬ್ಬಳಿಗೆ ಕೆಲಸ ನಿರಾಕರಿಸಿದರೆ ಅದು ಅನ್ಯಾಯ. ಈ ಪರೀಕ್ಷೆ ಹುಟ್ಟಿದ ಉದ್ದೇಶಕ್ಕೂ ವಿರುದ್ಧ.

ಐಸಬೆಲ್ 1980ರ ಮೇ ತಿಂಗಳಲ್ಲಿ ತೀರಿಕೊಂಡರು. ಮಗ ಪೀಟರ್ ಜೊತೆಗೂಡಿ ಬರೆದ ‘ಗಿಫ್ಟ್ಸ್ ಡಿಫರಿಂಗ್’ ಅದೇ ವರ್ಷ ಹೊರಬಂತು. ಆ ಹೊತ್ತಿಗೆ ಅವರು ಸುಮಾರು ನಾಲ್ಕು ದಶಕ ದುಡಿದದ್ದು ಆದರ್ಶವಾದಿಗಳ ಉದ್ಯೋಗಪಟ್ಟಿಯಲ್ಲಿ ಅಪರೂಪಕ್ಕೂ ಕಾಣದ ಅಂಕಿಅಂಶದ ಕೆಲಸದಲ್ಲಿ.