ಮಲ್ಲಿಗೆ ಚೀಟಿಗಳಲ್ಲಿ ನಮ್ಮೂರ ಚರಿತ್ರೆ

ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚಕ ಪಡೆದ ಹೂವನ್ನು ನಾವು ಇಂದಿಗೂ ಶಂಕರಪುರ ಮಲ್ಲಿಗೆ ಎಂದೇ ಕರೆಯುತ್ತೇವೆ. ನಮ್ಮೂರ ಹೂವು ಮಂಗಳೂರು, ಮುಂಬಯಿಗಳಲ್ಲಿ ಮಾರಾಟವಾಗುವುದೂ ಆ ಹೆಸರಿನಲ್ಲೇ. ಅದಕ್ಕೆ ನಮಗೆ ಬೇಸರವಿಲ್ಲ.

ಈ ಬೆಳೆಯ ಚರಿತ್ರೆಯನ್ನು ಕಡತಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಮಲ್ಲಿಗೆಯನ್ನು ಬೀಜ ಹಾಕಿ ಬೆಳೆಸುವುದಿಲ್ಲ, ಗೆಲ್ಲು ನೆಟ್ಟು ಬೇರು ಬರಿಸುತ್ತೇವೆ. ಹಾಗಾಗಿ ಪ್ರತಿ ಗಿಡವೂ ಇನ್ನೊಬ್ಬರ ಅಂಗಳದಿಂದ ಬಂದದ್ದೇ. ನಮ್ಮ ಮನೆಯದು ಅಮ್ಮನ ತವರಿನದು. ಅಲ್ಲಿಗೆ ನೆರೆಯ ಕ್ರೈಸ್ತರ ಮನೆಯಿಂದ ಬಂದಿತ್ತಂತೆ. ಗದ್ದೆಯಿಲ್ಲದವರಿಗೂ ಮನೆಯ ಸುತ್ತಲಿನ ಕೆಂಪು ಮಣ್ಣು ಸಾಕಿತ್ತು. ಸೆಗಣಿ, ನೆಲಗಡಲೆ ಹಿಂಡಿ, ಬೂದಿ, ಬೇಸಿಗೆಯಲ್ಲಿ ತಪ್ಪದೆ ನೀರು, ವರ್ಷಕ್ಕೊಮ್ಮೆ ಗೆಲ್ಲು ಕತ್ತರಿಸುವುದು, ಇಷ್ಟೇ ಆರೈಕೆ. ಹೇಳುವಷ್ಟು ಸುಲಭವಲ್ಲ, ನೀರು ಸೇದಿದವರಿಗೆ ಗೊತ್ತು.

ಮೊಗ್ಗನ್ನು ಅರಳುವ ಮೊದಲೇ, ಬೆಳಕು ಹರಿಯುವಾಗ ಕೊಯ್ಯಬೇಕು. ಆಮೇಲೆ ಬಾಳೆನಾರಿನಲ್ಲಿ ಕಟ್ಟುವ ಕೆಲಸ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಾಲೆಯಲ್ಲಿ ಗುಣಾಕಾರ ಕಲಿಯುವ ಮೊದಲೇ 3200 ಎಂಬ ಸಂಖ್ಯೆ ನಮ್ಮ ಬಾಯಲ್ಲಿತ್ತು. ಹೂವು ಕೊಟ್ಟ ಮೇಲೆಯೇ ಆ ದಿನದ ದರ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಗಿಡ ತುಂಬ ಹೂವು, ದರವಿಲ್ಲ. ಮಳೆಗಾಲದಲ್ಲಿ ದರವಿದೆ, ಹೂವಿಲ್ಲ. ನಾಗರಪಂಚಮಿಯ ಹೊತ್ತಿಗೆ ನಾಲ್ಕು ಮೊಗ್ಗು ಸಿಕ್ಕರೂ ಅಮ್ಮ ಬಿಡುತ್ತಿರಲಿಲ್ಲ.

ನನ್ನ ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಳು. ಆಗ ಊರಲ್ಲಿ ಹೈಸ್ಕೂಲು ಇರಲಿಲ್ಲ. ದೂರದ ಶಾಲೆಗೆ ಹೋಗುವವರು ಹೂವು ಕೊಯ್ಯುವ ಹೊತ್ತಿಗೇ ಮನೆ ಬಿಡಬೇಕಿತ್ತು. ಮನೆಗೆ ಕೊಯ್ಯುವ ಕೈ ಬೇಕಾಗಿತ್ತು, ಅವಳು ಉಳಿದಳು. ಕೆಲವು ವರ್ಷಗಳಲ್ಲಿ ಈ ಶಾಲೆ ತೆರೆಯಿತು. ತಂಗಿ ಹೂವು ಕಟ್ಟಿ ಕೊಟ್ಟು, ಮೊದಲ ಗಂಟೆಗೆ ಓಡಿ ಬಂದು ಹತ್ತನೆಯದನ್ನು ಮುಗಿಸಿದಳು. ಅವಳ ತರಗತಿಯ ಹುಡುಗಿಯರಲ್ಲಿ ಹೆಚ್ಚಿನವರ ಕಥೆ ಹೀಗೆಯೇ. ನಮ್ಮಿಬ್ಬರ ಪುಸ್ತಕ, ಸಮವಸ್ತ್ರಗಳ ಖರ್ಚನ್ನು ಅಕ್ಕ ಕಟ್ಟಿದ ಹೂವು ಭರಿಸಿತು. ಇದನ್ನು ಇಷ್ಟು ವರ್ಷ ಎಲ್ಲಿಯೂ ಬರೆಯದೆ ಇದ್ದದ್ದು ನನ್ನ ತಪ್ಪು.

ಹೂವಿನ ಕಟ್ಟೆಯವರು ಕೊಡುತ್ತಿದ್ದ ಚೀಟಿಗಳನ್ನು ಅಮ್ಮ ಬಿಸ್ಕತ್ತು ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಈ ಲೇಖನಕ್ಕಾಗಿ ತೆರೆದು ನೋಡಿದೆ. ದಿನಾಂಕ, ಚೆಂಡು, ದರ. ಕೆಲವದರ ಹಿಂಬದಿಯಲ್ಲಿ ನನ್ನ ಬೀಜಗಣಿತ. ಒಂದರ ಮೇಲೆ ಮಾತ್ರ ಅಕ್ಕ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ನೋಡಿದ್ದಾಳೆ.